ನಮ್ಮ ಮನಿ ಹೆಂಗಸರ ರಾತ್ರಿ ಊಟದ ಚರಿತ್ರಿ

2023ರ ದೀಪಾವಳಿಗೆ ಧಾರವಾಡಕ್ಕ ಹೋದಾಗ ನಮ್ಮವ್ವನ ಬೆರಳಾಗಿನ ಉಂಗುರಕ್ಕ ಬಿಳಿ ದಾರಾ ಸುತ್ತಿದ್ದು ಕಾಣಿಸ್ತು. "ಇದೇನವಾ?" ಅಂತ ಕೇಳಿದರ "ಭಾಂಡಿ ತಿಕ್ಕೋ ಮುಂದ ಜಾರಿ ಬೀಳ್ತದ, ಅದಕ್ಕ ಸುತ್ತೇನಿ" ಅಂದ್ಲು. ಪಾಟ್ಲಿ ನೋಡಿದೆ, ಕೈ ಎತ್ತಿದರ ಮೊಣಕೈ ತನಕಾ ಹೋಗ್ತಿದ್ದವು. ಉಪ್ಪಿನಕಾಯಿ ಭರಣಿ ಮುಚ್ಚಳಾ ತಗೀಲಿಕ್ಕೆ ನನ್ನ ಕರದ್ಲು. ಇದ ಹೆಣ್ಣಮಗಳು ನಾವು ಸಣ್ಣವರಿದ್ದಾಗ ಒಂದ ಕೈಯಾಗ ನನ್ನ, ಇನ್ನೊಂದ ಕೈಯಾಗ ನೀರಿನ ಕೊಡಾ ಎತ್ತಿಕೊಂಡು ಬರ್ತಿದ್ಲು.

ಮರುದಿನಾ ಡಾಕ್ಟರ್ ಹತ್ರ ಕರಕೊಂಡು ಹೋದೆ. ತೂಕಾ 45 ಕಿಲೋ. ಅಪ್ಪ ಹೋದ ವರ್ಷ, ಅಂದ್ರ 2016ರಾಗ, 56 ಇತ್ತು. ಆ ಡಾಕ್ಟರ್ ನಮ್ಮ ಮಗಳ ವಾರಿಗಿ ಹುಡುಗಿ. ರಕ್ತಾ ತಪಾಸಣಿಗೆ ಬರಕೊಟ್ಟು, ಆಮ್ಯಾಲೆ ಕುರ್ಚಿ ಮುಂದ ಎಳಕೊಂಡು ಒಂದ ಪ್ರಶ್ನೆ ಕೇಳಿದ್ಲು: "ಅಜ್ಜೀ, ರಾತ್ರಿ ಏನ ಉಣ್ತೀರಿ?"

ಅವ್ವ ನನ್ನ ಮಾರಿ ನೋಡಿದ್ಲು. "ಒಬ್ಬಾಕಿಗೇನವಾ ಅಡಿಗಿ. ಒಂದ ಕಪ್ಪು ಹಾಲು ಕುಡದು ಮಲಗತೇನಿ."

ನನಗ ಅಲ್ಲೇ ಎದಿ ಧಸಕ್ಕಂತು. ಯಾಕಂದ್ರ ಈ ಮಾತು ನಾ ಮೊದಲನೇ ಸಲ ಕೇಳಿದ್ದಲ್ಲ. ನಮ್ಮ ಮನ್ಯಾಗ ಹೆಂಗಸರು ರಾತ್ರಿ ಉಣ್ಣಲಾರದ್ದಕ್ಕ ನೂರಾ ಹತ್ತು ವರ್ಷದ ಚರಿತ್ರಿ ಅದ. ಇವತ್ತ ಅದನ್ನ ಬರೀಬೇಕಂತ ಕೂತೇನಿ. ರಾಜರದು, ಯುದ್ಧದ್ದು ಬರಿಯವರು ಭಾಳ ಮಂದಿ ಇದ್ದಾರ. ಅಡಿಗಿ ಮನಿದು ನಾವ ಬರೀಬೇಕು.

ಮೊದಲನೇದಾಕಿ ನಮ್ಮ ಅಜ್ಜಾನ ಅಕ್ಕ. ಮನಿ ಮಂದಿಗೆಲ್ಲಾ ಆಕಿ 'ಅತ್ಯಾ'. ಹುಟ್ಟಿದ್ದು 1899ರ ಸುಮಾರು. ಎಂಟನೇ ವರ್ಷಕ್ಕ ಲಗ್ನ, ಹದಿಮೂರನೇ ವರ್ಷಕ್ಕ, ಅಂದ್ರ 1912ರಾಗ, ಗಂಡ ಹೋದ. ಆಕಿ ಗಂಡನ ಮಾರಿ ನೆಟ್ಟಗ ನೋಡಿರಲಿಲ್ಲಂತ. ಕೂದಲಾ ತಗಿಸಿ, ಕೆಂಪು ಸೀರಿ ಉಡಿಸಿ, ತವರಮನಿಗೆ ಕಳಿಸಿದ್ರು. ವಿಧವಾ ವಿವಾಹದ ಕಾಯದೆ ಬಂದು (1856) ಆಗಲೇ ಐವತ್ತಾರು ವರ್ಷ ಆಗಿತ್ತು. ಪುಣೆಯೊಳಗ ಧೋಂಡೋ ಕೇಶವ ಕರ್ವೆ ಅವರು ವಿಧವೆಯರ ಸಲುವಾಗಿ ಆಶ್ರಮ ತಗದು (1896) ಹದಿನಾರು ವರ್ಷ ಆಗಿತ್ತು. ಆದ್ರ ಆ ಕಾಯದೆ, ಆ ಆಶ್ರಮ ಎರಡೂ ನಮ್ಮ ಮಾಳಮಡ್ಡಿ ಮನಿ ಹೊಸ್ತಲಾ ದಾಟಿರಲಿಲ್ಲ.

ಮಡಿ ಹೆಂಗಸಿನ ಊಟದ ನಿಯಮ ಏನು ಅಂದ್ರ ಒಪ್ಪತ್ತು. ಮಧ್ಯಾಹ್ನ ಒಂದು ಸಲ ಅನ್ನ. ರಾತ್ರಿ ಅನ್ನ ಇಲ್ಲ. ತಿಂಗಳಿಗೆ ಎರಡು ಏಕಾದಶಿ ಪೂರ್ತಿ ಉಪಾಸ. ಇದರ ಮ್ಯಾಲೆ ಚಾತುರ್ಮಾಸ. ಮೊದಲನೇ ತಿಂಗಳು ಶಾಕವ್ರತ, ಕಾಯಿಪಲ್ಯ ಇಲ್ಲ. ಎರಡನೇ ತಿಂಗಳು ದಧಿವ್ರತ, ಮೊಸರು ಇಲ್ಲ. ಮೂರನೇದು ಕ್ಷೀರವ್ರತ, ಹಾಲಿಲ್ಲ. ನಾಲ್ಕನೇದು ದ್ವಿದಳ ವ್ರತ, ಬ್ಯಾಳಿಕಾಳು ಇಲ್ಲ. ಈಗ ಕೂತು ವಿಚಾರ ಮಾಡಿದ್ರ ಒಂದು ಮಾತು ಒಪ್ಪಬೇಕು: ಇದನ್ನ ಹಾಕಿದವರು ಒಂದ ತಿಂಗಳದಾಗ ಎಲ್ಲಾನೂ ಬಂದ ಮಾಡಿಲ್ಲ. ಪಲ್ಯ ಇಲ್ಲದಾಗ ಬ್ಯಾಳಿ ಅದ, ಬ್ಯಾಳಿ ಇಲ್ಲದಾಗ ಹಾಲು-ಮೊಸರು ಅವ. ಎರಡೂ ಹೊತ್ತು ಉಣ್ಣೋ ಗಟ್ಟಿ ಮನಷಾಗ ಇದರಿಂದ ಏನೂ ಆಗೂದಿಲ್ಲ. ಆದ್ರ ಒಪ್ಪತ್ತು ಉಣ್ಣೋ ಮುದಕಿಗೆ, ಹಲ್ಲು ಬಿದ್ದಾಕಿಗೆ, ಎಲ್ಲಾರದೂ ಆದ ಮ್ಯಾಲೆ ಉಳಿದದ್ದು ಉಣ್ಣಾಕಿಗೆ? ಅದರ ಲೆಕ್ಕಾ ಯಾರೂ ಹಾಕಿರಲಿಲ್ಲ.

ಲೆಕ್ಕದ ಮಾತು ಬಂತಂದ್ರ, ನಮ್ಮ ಅಜ್ಜ ಸಾಲಿ ಮಾಸ್ತರ. ಖರ್ಚಿನ ವಹಿ ಬರಿಯೂದು ಅವರಿಗೆ ಸಂಧ್ಯಾವಂದನಿ ಇದ್ದಂಗ. 1931ರಿಂದ ಅವರು ತೀರಿಕೊಳ್ಳೋ ತನಕಾ ವಹಿಗಳು ಅಟ್ಟದ ಮ್ಯಾಲಿನ ಟ್ರಂಕಿನಾಗ ಅವ. ಕೊರೋನಾದಾಗ ನಾ ಅವನ್ನೆಲ್ಲಾ ಝಾಡಿಸಿ ಓದಿದೆ. ಜ್ವಾಳ, ತೊಗರಿಬ್ಯಾಳಿ, ಬೆಲ್ಲ, ಶೇಂಗಾ ಎಣ್ಣಿ, ಹುಡುಗರ ಪಾಟಿ-ಪೆನ್ಸಿಲ್ಲು. ಅದರ ನಡಕ ಹದಿನೈದು ದಿನಕ್ಕೊಮ್ಮೆ ತಪ್ಪದ ಒಂದು ಸಾಲು: 'ಅಕ್ಕಗ ಬಾಳಿಹಣ್ಣು'. ದಿನಾ ತಾಳಿ ನೋಡಿದ್ರ ಎಲ್ಲಾ ದ್ವಾದಶಿ. ಏಕಾದಶಿ ಉಪಾಸ ಮಾಡಿದ ಅಕ್ಕಗ ಪಾರಣಿಗೆ ತಮ್ಮ ಹಣ್ಣು ತರ್ತಿದ್ದ. ನಮ್ಮ ಅಜ್ಜ ಮಾತು ಕಡಿಮಿ ಆಡಾವ. ಅಕ್ಕನ ಮ್ಯಾಲಿನ ಜೀವ ವಹಿಯಾಗ ಬರದಿದ್ದ.

1943ರ ವಹಿಯಾಗ ಆ ಸಾಲು ಇಲ್ಲ. ಯುದ್ಧದ ಕಾಲ. ವಿಜಾಪುರ ಸೀಮಿಯಾಗ ಬರಾ ಬಿದ್ದಿತ್ತು, ಮುಂಬಯಿ ಪ್ರಾಂತ್ಯದಾಗ ಧಾನ್ಯಕ್ಕ ರೇಷನ್ ಶುರು ಆಗಿತ್ತು. ಆಗ ಧಾರವಾಡ ಮುಂಬಯಿ ಪ್ರಾಂತ್ಯದಾಗಿತ್ತು, ನಾವು ಮೈಸೂರು ರಾಜ್ಯಕ್ಕ ಕೂಡಿದ್ದು 1956ಕ್ಕ. ಮನ್ಯಾಗ ಹದಿನಾಲ್ಕು ಮಂದಿ, ಗಳಸಾವ ಒಬ್ಬ. ಆ ವರ್ಷ ಪಾಟಿ-ಪೆನ್ಸಿಲ್ಲು ಬಂದ ಆಗಲಿಲ್ಲ, ಚಹಾಪುಡಿ ಸೈತ ಬಂದ ಆಗಲಿಲ್ಲ. ಮೊದಲ ಬಂದ ಆದದ್ದು ಅಕ್ಕನ ಬಾಳಿಹಣ್ಣು. ಅಜ್ಜಾಗ ನಾ ಏನೂ ಅನ್ನೂದಿಲ್ಲ, ಅಷ್ಟು ಹೊಟ್ಟಿ ಹೊರಿಯಾವ ಅವ. ಆದ್ರ ಮನ್ಯಾಗ ಕೊರತಿ ಬಿದ್ದಾಗ ಯಾರ ತಾಟಿನಿಂದ ಮೊದಲ ಕಡಿಮಿ ಆಗ್ತದ ಅನ್ನೂದು ಮನಿ ಚರಿತ್ರಿಯೊಳಗ ದೊಡ್ಡ ಪ್ರಶ್ನೆ. ಉತ್ತರ ವಹಿಯಾಗ ಅದ.

ಆಕಿಗೆ ಕೇಳೋ ಹಕ್ಕೂ ಇರಲಿಲ್ಲ. ಆಗಿನ ಕಾಯದೆ ಪ್ರಕಾರ ಕೂಡು ಕುಟುಂಬದ ವಿಧವೆಗೆ ಪೋಟಗಿ ಅಷ್ಟ, ಪಾಲಿಲ್ಲ. ಹಿಂದೂ ಹೆಂಗಸರಿಗೆ ಗಂಡನ ಆಸ್ತಿಯೊಳಗ ಜೀವ ಇರೋ ತನಕಾ ಅನುಭವಿಸೋ ಹಕ್ಕು ಕೊಟ್ಟದ್ದು 1937ರ ಕಾಯದೆ. ಅದಕ್ಕಿಂತ ಮೊದಲ ಗಂಡ ಹೋದವರಿಗೆ ಅದು ತಟ್ಟಲಿಲ್ಲ. ಪೂರ್ತಿ ಹಕ್ಕು ಬಂದದ್ದು 1956ಕ್ಕ. ಆವಾಗ ಅತ್ಯಾಗ ಐವತ್ತೇಳು ವರ್ಷ. ಗಂಡನ ಮನಿ ಊರು ಯಾವ ದಿಕ್ಕಿಗದ ಅನ್ನೂದೂ ಆಕಿಗೆ ಮರತಿತ್ತು.

ಆದ್ರ ಅತ್ಯಾ ಬದುಕಿದ್ದು 85 ವರ್ಷ. ಇದನ್ನ ಹೇಳಿದ ಕೂಡಲೇ ನಮ್ಮ ಕಡೆ ಯಾರರೆ ಒಬ್ಬರು "ನೋಡ್ರಿ, ಒಪ್ಪತ್ತು ಉಂಡ್ರ ಆಯುಷ್ಯ ಹೆಚ್ಚು, ಹಿಂದಿನವರು ಶಾಣ್ಯಾ ಇದ್ರು" ಅಂದೇ ಅಂತಾರ. ನಾ ಒಪ್ಪೂದಿಲ್ಲ. ಅದ ಓಣ್ಯಾಗ, ಅದ ನಿಯಮದಾಗ ನಲವತ್ತಕ್ಕ, ಐವತ್ತಕ್ಕ ಹೋದ ಮಡಿ ಹೆಂಗಸರು ಇದ್ರು. ಅವರ ಹೆಸರು ಯಾರಿಗೂ ನೆನಪಿಲ್ಲ, ಯಾಕಂದ್ರ ಅವರಿಗೆ ನೆನಸೋ ಮಕ್ಕಳಿಲ್ಲ. ಉಳದಾಕಿ ಕಥಿ ಅಷ್ಟ ಉಳೀತದ.

ಅತ್ಯಾನ್ನ ಉಳಿಸಿದ್ದು ಏನು ಅಂತ ನಾ ಭಾಳ ವಿಚಾರ ಮಾಡೇನಿ. ಮಧ್ಯಾಹ್ನದ ಆ ಒಂದ ಊಟ ಗಟ್ಟಿ ಇತ್ತು: ಬಿಳಿ ಜ್ವಾಳದ ನುಚ್ಚು, ಹೆಸರುಬ್ಯಾಳಿ ಹುಗ್ಗಿ, ಮೆಂತ್ಯದಹಿಟ್ಟು, ಗುರೆಳ್ಳು ಚಟ್ನಿಪುಡಿ ಮ್ಯಾಲೆ ಮೊಸರು. ಹಲ್ಲು ಹೋದ ಮ್ಯಾಲೆ ನಮ್ಮ ಅಜ್ಜಿ ಭಕ್ರಿ ಮುರದು ಹಾಲಿನಾಗ ನೆನಸಿ ಇಡ್ತಿದ್ಲು. ಎರಡನೇದು, ಆಕಿ ಒಬ್ಬಾಕಿ ಇರಲೇ ಇಲ್ಲ. ಮುಂಜಾನಿ ಬತ್ತಿ ಹೊಸಿಯೋ ಮುಂದ ನಾಲ್ಕು ಮಂದಿ, ಮಧ್ಯಾಹ್ನ ಶಂಡಿಗಿ ಕಾಯೋ ಮುಂದ ನಾಲ್ಕು ಮಂದಿ, ಸಂಜಿಗೆ ಮಠದಾಗ ದಾಸರ ಪದಾ ಹಾಡಲಿಕ್ಕೆ ಹತ್ತು ಮಂದಿ. ಮನ್ಯಾಗ ಬಾಣಂತಿ ಬಂದ್ರ ಅಂಟಿನುಂಡಿ, ಕಾಯಿ-ಕಷಾಯ ಎಲ್ಲಾ ಅತ್ಯಾನ ಕೈಯಾಗ. ಕೂಸಿಗೆ ಎಣ್ಣಿ ಹಚ್ಚೂದೂ ಆಕೀನ. ಆದ್ರ ತೊಟ್ಟಿಲದಾಗ ಹಾಕೋ ದಿನಾ ಆಕಿ ಮುಂದ ಬರೋ ಹಂಗಿರಲಿಲ್ಲ, ಹಿತ್ತಲದಾಗ ಕೂಡ್ತಿದ್ಲು. ಹಂಗಾಗಿ ಕೂಡು ಕುಟುಂಬ ಸ್ವರ್ಗ ಇತ್ತು ಅಂತ ನಾ ಬರಿಯೂದಿಲ್ಲ. ಆಕಿಗೆ ಮಂದಿ ಇದ್ರು, ಮಾನ ಅರ್ಧಾ ಇತ್ತು, ಊಟ ಅರ್ಧಾ ಇತ್ತು.

ರಾತ್ರಿ ನಾವು ಹುಡುಗರು ಉಂಡು ಕೈ ತೊಳಕೊಂಡು ಬಂದ್ರ ಅತ್ಯಾ ಪಡಸಾಲಿ ಕಂಬಕ್ಕ ಆತಗೊಂಡು ಕತ್ತಲದಾಗ ಕೂತಿರ್ತಿದ್ಲು. ನನ್ನ ಬಾಜೂಕ ಕೂಡಿಸಿಕೊಂಡು ದಿನಾ ಒಂದ ಮಾತು ಕೇಳ್ತಿದ್ಲು: "ಏನ ಪಲ್ಯ ಮಾಡಿದ್ರು ಇವತ್ತ?" ನಾ ಬದನಿಕಾಯಿ ಎಣಗಾಯಿ ಅಂದ್ರ "ಶೇಂಗಾ ಪುಡಿ ಹಾಕಿದ್ರೋ, ಎಳ್ಳೋ?" ಅಂತಿದ್ಲು. ನಾನೂ ಭಾಳ ಶಾಣ್ಯಾಕಿ ಗತೆ ಎಲ್ಲಾ ಬಿಡಿಸಿ ಬಿಡಿಸಿ ಹೇಳ್ತಿದ್ದೆ. ಆಕಿ ಯಾಕ ಕೇಳ್ತಾಳ ಅನ್ನೂದು ತಿಳಿಯೋ ವಯಸ್ಸಲ್ಲ. ತಿಳಿಯೋ ವಯಸ್ಸು ಬರೋದ್ರಾಗ ಆಕಿ ಹೋದ್ಲು, 1984ಕ್ಕ.

ಎರಡನೇದಾಕಿ ನಮ್ಮ ಅಜ್ಜಿ. ಅಜ್ಜ ಹೋದದ್ದು 1968ಕ್ಕ. ಅಷ್ಟರಾಗ ಕಾಲ ಸರದಿತ್ತು. ಕೂದಲಾ ತಗಿಸೋ ಮಾತು ಯಾರೂ ಎತ್ತಲಿಲ್ಲ. ಅತ್ಯಾನ ಎಲ್ಲಾರಕಿಂತ ಮೊದಲ "ಆಕಿ ಕೂದಲಾ ಮುಟ್ಟಬ್ಯಾಡ್ರಿ" ಅಂದ್ಲಂತ. ಊಟದ್ದು ಮಾತ್ರ ಅರ್ಧಾ ಉಳೀತು. ರಾತ್ರಿ ಅನ್ನ ಇಲ್ಲ, ಫಳಾರ ನಡೀತದ. ಅವಲಕ್ಕಿ, ಉಪ್ಪಿಟ್ಟು, ಒಮ್ಮೊಮ್ಮೆ ಚಪಾತಿ. 1972ರ ಬರದ ಸುಮಾರು ರೇಷನ್ ಅಂಗಡ್ಯಾಗ ಪರದೇಶದ ಕೆಂಪು ಜ್ವಾಳ ಬರ್ತಿತ್ತು, ಮೈಲೋ ಅಂತಿದ್ರು. ಅದರ ಭಕ್ರಿ ಮುದಕರ ಗಂಟಲದಾಗ ಇಳೀತಿರಲಿಲ್ಲ, ಹಂಗಾಗಿ ಅಜ್ಜಿಗೂ ಅತ್ಯಾಗೂ ನುಚ್ಚು. ಅಜ್ಜಿ ಫಳಾರಕ್ಕ ಕೂತಾಗ ಅತ್ಯಾನ್ನ ಕರೀತಿದ್ಲು. ಅತ್ಯಾ ಒಲ್ಲೆ ಅಂತಿದ್ಲು. ಅಜ್ಜಿ ಅವಲಕ್ಕಿ ಬಟ್ಟಲಾ ಆಕಿ ಮುಂದ ಇಟ್ಟು ಸುಮ್ಮನ ಒಳಗ ಹೋಗ್ತಿದ್ಲು. ಬೆಳಿಗ್ಗೆ ಬಟ್ಟಲಾ ತೊಳದು ಡಬ್ಬು ಹಾಕಿರ್ತಿತ್ತು. ಇಬ್ಬರೂ ಅದರ ಬಗ್ಗೆ ಹದಿನಾರು ವರ್ಷದಾಗ ಒಂದ ಮಾತೂ ಆಡಲಿಲ್ಲ.

ಈ ಎಲ್ಲಾ ಹೊತ್ತಿನಾಗ ಹೊರಗ ಏನ ನಡದಿತ್ತು ಅಂದ್ರ, ಊಟದ ಲೆಕ್ಕಾ ಹಾಕೂದು ಒಂದು ಶಾಸ್ತ್ರ ಆಗಿತ್ತು. ಕೂನೂರಿನ ಪ್ರಯೋಗಶಾಲೆಯೊಳಗ ಆಕ್ರಾಯ್ಡ್ ಅನ್ನೋ ಸಾಹೇಬರು 1937ರಾಗ ನಮ್ಮ ದೇಶದ ಕಾಳುಕಡಿ, ಪಲ್ಯ, ಹಣ್ಣಿನೊಳಗ ಏನೇನ ಸತ್ವ ಅದ ಅಂತ ಪಟ್ಟಿ ಪ್ರಕಟ ಮಾಡಿದ್ರು. ಆ ಪ್ರಯೋಗಶಾಲೆನ ಮುಂದ ಹೈದರಾಬಾದಿಗೆ ಹೋಗಿ ರಾಷ್ಟ್ರೀಯ ಪೋಷಣ ಸಂಸ್ಥೆ ಆತು. ಲಕ್ಷ್ಯ ಎಲ್ಲಾ ಕೂಸು, ಬಸರಿ-ಬಾಣಂತಿ, ದುಡಿಯೋ ಮಂದಿ ಕಡೆ. ಮುದಕರು ಆಗ ಲೆಕ್ಕಕ್ಕ ಕಡಿಮಿ. 1951ರ ಜನಗಣತಿಯೊಳಗ 60 ದಾಟಿದವರು ಇಡೀ ದೇಶದಾಗ ಸುಮಾರು 2 ಕೋಟಿ. 2011ಕ್ಕ ಅದು 10 ಕೋಟಿ ದಾಟಿತು. ವಯಸ್ಸಾದಂಗ ಮಾಂಸಖಂಡ ಕರಗೂದಕ್ಕ ವೈದ್ಯರು 'ಸಾರ್ಕೊಪೀನಿಯಾ' ಅಂತ ಒಂದು ಹೆಸರು ಇಟ್ಟದ್ದ 1980ರ ದಶಕದ ಕಡೀಕ. ನಮ್ಮ ಮನ್ಯಾಗ ಅದಕ್ಕ ಹೆಸರಿರಲಿಲ್ಲ, 'ವಯಸ್ಸಾತು' ಅಂತಿದ್ವಿ, ಅಷ್ಟ.

ಮಂದಿ ಜೋಡಿ ಇರೂದರ ಲೆಕ್ಕಾ ಅಂತೂ ಇನ್ನೂ ತಡಾ. ಅಮೇರಿಕಾದ ಕ್ಯಾಲಿಫೋರ್ನಿಯಾದಾಗ ಅಲಮೀಡಾ ಅಂತ ಒಂದು ಕೌಂಟಿ ಅದ. ಅಲ್ಲಿ 6,928 ಮಂದಿನ್ನ 1965ರಿಂದ ಒಂಬತ್ತು ವರ್ಷ ನೋಡಿಕೋತ ಹೋಗಿ, ಬರ್ಕ್‌ಮನ್ ಮತ್ತ ಸೈಮ್ ಅನ್ನೋ ಇಬ್ಬರು 1979ರಾಗ ಬರದ್ರು: ಗಂಡ-ಹೆಂಡತಿ, ಬಳಗ, ಗೆಳ್ಯಾರು, ಗುಡಿ-ಸಂಘ ಅಂತ ಸಂಬಂಧ ಕಡಿಮಿ ಇದ್ದವರೊಳಗ ಸಾವು, ಸಂಬಂಧ ಹೆಚ್ಚಿದ್ದವರಕಿಂತ ಎರಡು ಪಟ್ಟು ಮೀರಿತ್ತು. ಬೀಡಿ-ಸಿಗರೇಟು, ದಾರು ಎಲ್ಲಾ ಲೆಕ್ಕಾ ಹಿಡಿದ ಮ್ಯಾಲೂ ಫರಕು ಉಳೀತು. ಜೋಡಿ ಕೂತು ಉಂಡಾಗ ಮನಷಾ ಒಬ್ಬಾವ ಉಂಡದ್ದಕಿಂತ ಹೆಚ್ಚು ಉಣ್ತಾನ ಅನ್ನೂದನ್ನೂ ಆಮ್ಯಾಲಿನವರು ಅಳದು ತೋರಿಸಿದ್ರು. ಇದು ನಮ್ಮ ಅಜ್ಜಿಗೆ ಅಳೀಲಾರದ ಗೊತ್ತಿತ್ತು ಅಂತ ಈಗ ಅನಿಸ್ತದ. ಬಟ್ಟಲಾ ಮುಂದ ಇಡೋರು ಬೇಕು.

ಮೂರನೇದಾಕಿ ನಮ್ಮವ್ವ. 2016ರಾಗ ಅಪ್ಪ ಹೋದಾಗ ಯಾರೂ ಆಕಿಗೆ ಏನೂ ಹೇಳಲಿಲ್ಲ. ಕುಂಕುಮ ಹಚ್ಚಕೋತಾಳ, ಪಾಟ್ಲಿ ಹಾಕೋತಾಳ, ರಾತ್ರಿ ಅನ್ನ ಉಣ್ಣಬಾರದು ಅನ್ನೋ ಮಾತ ಬರಲಿಲ್ಲ. ಫ್ರಿಜ್ಜು ತುಂಬ ಹಾಲು, ಹಣ್ಣು. ತಿಂಗಳಾ ಪೆನ್ಶನ್ನು ಬರ್ತದ. ಆದ್ರ ಒಬ್ಬಾಕಿಗೆ ಒಲಿ ಹಚ್ಚಲಿಕ್ಕೆ ಬ್ಯಾಸರಾ. ಹತ್ತೊಂಬತ್ತುನೂರಾ ಹನ್ನೆರಡರಾಗ ಧರ್ಮ ಮಾಡಿದ ಕೆಲಸಾ, ಎರಡು ಸಾವಿರದ ಹದಿನಾರರಾಗ ಖಾಲಿ ಮನಿ ಮಾಡಿತು.

ನಾ ಕೂತು ಆಕಿ ಒಂದ ದಿನದ ಊಟ ಬರದೆ. ಮುಂಜಾನಿ ಚಹಾ, ಎರಡು ಬಿಸ್ಕೀಟು. ಮಧ್ಯಾಹ್ನ ಒಂದ ಹಿಡಿ ಅನ್ನ, ತಿಳಿಸಾರು, ಮಜ್ಜಿಗಿ. ಸಂಜಿಗೆ ಚಹಾ. ರಾತ್ರಿ ಹಾಲು. ಎಲ್ಲಾ ಕೂಡಿಸಿದ್ರ ಪ್ರೋಟೀನು 15 ಗ್ರಾಮಿನ ಸುಮಾರು. ಕಿಲೋಕ್ಕ 0.83 ಗ್ರಾಮಂತ ಐಸಿಎಂಆರ್ ಲೆಕ್ಕಾ ಹಿಡದ್ರೂ 45 ಕಿಲೋದಾಕಿಗೆ ದಿನಕ್ಕ 37 ಗ್ರಾಂ ಬೇಕು. ವಯಸ್ಸಾದವರಿಗೆ ಕಿಲೋಕ್ಕ ಒಂದು ಗ್ರಾಮಿನಕಿಂತ ಕಡಿಮಿ ಆಗಬಾರದು ಅನ್ನೋ ತಜ್ಞರೂ ಇದ್ದಾರ. ಅದನ್ನ ಎರಡು-ಮೂರು ಹೊತ್ತಿಗೆ ಹಂಚಿಕೊಂಡ್ರ ಛಲೋ ಅನ್ನೋರೂ ಇದ್ದಾರ. ಬಿ12 ಸೈತ ತಳಾ ಹಿಡದಿತ್ತು. ವಯಸ್ಸಾದ ಮ್ಯಾಲೆ ಹೊಟ್ಟಿಯೊಳಗ ಆಮ್ಲ ಕಡಿಮಿ ಆಗಿ, ತಿಂದ ಊಟದಿಂದ ಬಿ12 ಬಿಡಿಸಿಕೊಳ್ಳೋ ಶಕ್ತಿ ಇಳೀತದಂತ. ನಮ್ಮಂಥಾ ಸಸ್ಯಾಹಾರಿಗಳಿಗೆ ಮೊದಲ ಅದು ಹಾಲು-ಮೊಸರಿನಾಗಷ್ಟ ಸಿಗೂದು.

ಆಮ್ಯಾಲೆ ನಾವು ಮಕ್ಕಳು ಮಾಡಬಾರದ್ದೆಲ್ಲಾ ಮಾಡಿದ್ವಿ. ತಮ್ಮ ಪ್ರೋಟೀನ್ ಪುಡಿ ಡಬ್ಬಿ ತಂದಿಟ್ಟ, ಎರಡು ತಿಂಗಳಿಗೆ ಡಬ್ಬಿ ಖಾಲಿ ಆಗಿತ್ತು, ಖುಷಿ ಆತು. ನೋಡಿದ್ರ ಪುಡಿ ಕೆಲಸದಾಕಿ ಮೊಮ್ಮಗನ ಹೊಟ್ಟಿಗೆ, ಡಬ್ಬಿಯಾಗ ಹೂಬತ್ತಿ. ಊಟದ ಡಬ್ಬಿ ಹಚ್ಚಿದ್ವಿ, "ಸೋಡಾ ಹಾಕ್ತಾರ" ಅಂತ ನಾಲ್ಕನೇ ದಿನಕ್ಕ ಬಂದ. ಬೆಂಗಳೂರಿಗೆ ಕರಕೊಂಡು ಬಂದೆ. ನಾನೂ ನಮ್ಮ ಮನಿಯವರೂ ಆಫೀಸಿಗೆ ಹೋದ್ರ ಎಂಟನೇ ಮಾಳಿಗಿಯಾಗ ಒಬ್ಬಾಕಿನ, ಟಿವಿ ಮುಂದ ತಾಟು. ಹದಿನೈದನೇ ದಿನಕ್ಕ "ನನ್ನ ಊರಿಗೆ ಬಿಡು" ಅಂದ್ಲು. ನನಗ ಸಿಟ್ಟು ಬಂತು. "ಅಲ್ಲೆ ಹೋಗಿ ಉಪಾಸ ಬೀಳಾಕಿನ? ಯಾಕವಾ ಹಿಂಗ ಮಾಡ್ತಿ?" ಅಂತ ಚೀರಿದೆ.

ಅವ್ವ ಭಾಳ ಹೊತ್ತು ಸುಮ್ಮನಿದ್ಲು. ಆಮ್ಯಾಲೆ ಹೇಳಿದ್ಲು. "ನಾ ಲಗ್ನಾಗಿ ಬಂದಾಗ ಹತ್ತೊಂಬತ್ತು ವರ್ಷ. ದಿನಾ ರಾತ್ರಿ ನಾವೆಲ್ಲಾ ಬಿಸಿ ಬಿಸಿ ಉಣ್ತಿದ್ವಿ, ಅತ್ಯಾ ಹೊರಗ ಕತ್ತಲದಾಗ. ಇಪ್ಪತ್ತೊಂದು ವರ್ಷ ಹಂಗ ಉಂಡೆ ನಾ. ಒಂದ ದಿನಾ ಎದ್ದು ಹೋಗಿ ಬರ್ರಿ ಅತ್ಯಾ ಅನ್ನಲಿಲ್ಲ. ಧೈರ್ಯ ಇರಲಿಲ್ಲೋ, ಹಸಿವಿ ಇತ್ತೋ. ಈಗ ಒಬ್ಬಾಕಿನ ತಾಟು ಹಾಕ್ಕೊಂಡು ಕೂತ್ರ ಆ ಕಂಬಾ ಕಾಣ್ತದ ನನಗ."

ನನ್ನ ಹತ್ರ ಇದಕ್ಕ ಉತ್ತರ ಇರಲಿಲ್ಲ. ಪಲ್ಯಾದ ಹೆಸರು ಹೇಳಿಕೋತ ಆಕಿ ಬಾಜೂಕ ಕೂತಾಕಿ ನಾನ ಅಲ್ಲ?

ಜನವರಿಯಾಗ ವಾಪಸ್ ಬಿಡಲಿಕ್ಕೆ ಹೋದೆ. ಎದುರಿನ ಮನಿ ಮಾಮಿ ಮಾತಾಡಸಲಿಕ್ಕೆ ಬಂದ್ರು. ವಯಸ್ಸು 82, ಕಿವಿ ಮಂದ, ಮಕ್ಕಳು ಇಬ್ಬರೂ ಪುಣೆಯೊಳಗ. ನಾ ಸುಮ್ಮನ "ಮಾಮಿ, ರಾತ್ರಿ ಏನ ಮಾಡೀರಿ?" ಅಂತ ಜೋರಾಗಿ ಕೇಳಿದೆ. "ಒಬ್ಬಾಕಿಗೇನವಾ, ಒಂದ ಕಪ್ಪು ಹಾಲು" ಅಂದ್ರು. ಅವ್ವ ಕಣ್ಣು ಅಗಲ ಮಾಡಿ "ಅಲ್ರೀ, ನಿಮ್ಮ ಅಡಿಗಿಮನಿ ದೀಪ ಎಂಟರ ತನಕಾ ಇರ್ತದಲ್ಲ?" ಅಂದ್ಲು. "ದೀಪ ಹಾಲು ಕಾಸಲಿಕ್ಕೆ. ನಿಮ್ಮದೂ ಇರ್ತದಲ್ಲ?" ಅಂದ್ರು ಮಾಮಿ. ಏಳು ವರ್ಷ ಇಬ್ಬರೂ ಒಬ್ಬರ ದೀಪ ಒಬ್ಬರು ನೋಡಿ, ಪಾಪ ಉಣ್ಣಾಕತ್ತಾರ ಅಂತ ತಿಳಕೊಂಡು ಹಾಲು ಕುಡದು ಮಲಗ್ಯಾರ.

ಅವತ್ತ ರಾತ್ರಿ ನಾನ ಹೆಸರುಬ್ಯಾಳಿ ಹುಗ್ಗಿ ಮಾಡಿ ಇಬ್ಬರಿಗೂ ಬಡಿಸಿದೆ. ಮಾಮಿ ಎರಡನೇ ಸಲ ಹಾಕಿಸಿಕೊಂಡ್ರು. ಅವರು ಹಾಕಿಸಿಕೊಂಡ್ರಲ್ಲ ಅಂತ ಅವ್ವನೂ ಹಾಕಿಸಿಕೊಂಡ್ಲು.

ಈಗ ಒಂದ ದಿನಾ ಇಲ್ಲೆ, ಒಂದ ದಿನಾ ಅಲ್ಲೆ. ಏಳೂವರಿಗೆ ತಾಟು. ಅಡಿಗಿ ದೊಡ್ಡದೇನಿಲ್ಲ: ಹುಗ್ಗಿ, ಇಲ್ಲಾ ಮೆತ್ತನ್ನ ಭಕ್ರಿ ಮ್ಯಾಲೆ ತವ್ವಿ, ಮಡಕಿಕಾಳಿನ ಉಸಳಿ, ಶೇಂಗಾ ಚಟ್ನಿ, ಮೊಸರು. ಮಾಮಿಗೆ ಉಪ್ಪು ಕಡಿಮಿ ಬೇಕು, ಅವ್ವಗ ಖಾರ ಜಾಸ್ತಿ ಬೇಕು, ದಿನಾ ಜಗಳ. ಕಿವಿ ಮಂದ ಇದ್ದದ್ದಕ್ಕ ಜಗಳ ಓಣಿಗೆಲ್ಲಾ ಕೇಳಸ್ತದ. ಏಕಾದಶಿ ಅವ್ವ ಬಿಟ್ಟಿಲ್ಲ, ಡಾಕ್ಟರ್ ಹುಡುಗಿ ಹಾಲು-ಹಣ್ಣಿಗೆ ಒಪ್ಪಿಸ್ಯಾಳ. ಬಿ12 ಇಂಜೆಕ್ಷನ್ನೂ ನಡದಾವ, ಹಂಗಾಗಿ ಎಲ್ಲಾ ಶ್ರೇಯಾ ಹುಗ್ಗಿಗೆ ಕೊಡಲಿಕ್ಕಾಗೂದಿಲ್ಲ. ಎಂಟು ತಿಂಗಳಿಗೆ ತೂಕಾ 48 ಆಗೇದ. ಉಂಗುರದ ದಾರಾ ಇನ್ನೂ ಅದ, ಒಂದು ಸುತ್ತು ಕಡಿಮಿ ಆಗೇದ.

ನಿಮ್ಮ ಮನ್ಯಾಗ ಒಬ್ಬರ ಇರೋ ಅಪ್ಪ-ಅವ್ವ, ಅತ್ತಿ-ಮಾವ ಇದ್ರ "ಊಟಾತೇನು?" ಅಂತ ಕೇಳಬ್ಯಾಡ್ರಿ. ಅದಕ್ಕ ಎಲ್ಲಾರೂ ಹೂಂ ಅಂತಾರ. ಏನ ಉಂಡ್ರಿ, ಯಾರ ಜೋಡಿ ಉಂಡ್ರಿ ಅಂತ ಕೇಳ್ರಿ. ನಾ ದಿನಾ ರಾತ್ರಿ ಎಂಟೂವರಿಗೆ ಫೋನ್ ಹಚ್ಚತೇನಿ. ಅವ್ವ ಫೋನ್ ಎತ್ತಿದ ಕೂಡಲೇ ಕೇಳೂದು ಒಂದ ಮಾತು: "ಏನ ಪಲ್ಯ ಮಾಡಿದ್ರಿ ಇವತ್ತ?"

ಆಕಿ ಎಲ್ಲಾ ಬಿಡಿಸಿ ಬಿಡಿಸಿ ಹೇಳ್ತಾಳ. ಶೇಂಗಾ ಪುಡಿ ಹಾಕಿದ್ರೋ, ಎಳ್ಳೋ, ಅದನ್ನೂ.